ಹಣದ ಮುಗ್ಗಟ್ಟಿನಲ್ಲಿ ಉಳುವ ಜೋಡಿಯನ್ನು ಮಾರುವ ವಿಚಾರ

ಸಂಕ್ರಾಂತಿಯ ಹಬ್ಬವು ಕಳೆದು, ಕಣದ ರಾಗಿಯು ಮನೆ ಸೇರಿದ ಮೇಲೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಅನೇಕ ರೈತರ ಮನೆಗಳಲ್ಲಿ ಒಂದು ಪ್ರಶ್ನೆಯು ತಲೆದೋರುವುದುಂಟು. ಮಗಳ ಮದುವೆಯೋ, ಕೊಳವೆ ಬಾವಿಯ ಸಾಲವೋ, ಮಕ್ಕಳ ವಿದ್ಯಾಭ್ಯಾಸದ ವೆಚ್ಚವೋ ಎದುರಿಗೆ ಬಂದಿರುತ್ತದೆ, ಕೈಯಲ್ಲಿ ಹಣವಿಲ್ಲ, ಕೊಟ್ಟಿಗೆಯಲ್ಲಿ ಮಾತ್ರ ಕರುವಾಗಿದ್ದಂದಿನಿಂದ ಸಾಕಿ ಬೆಳೆಯಿಸಿದ ಹಳ್ಳಿಕಾರ್ ಜೋಡಿಯೊಂದು ಮೆಲುಕು ಹಾಕುತ್ತ ನಿಂತಿರುತ್ತದೆ. ಮನೆಯ ಯಜಮಾನನು ಮಾರೋಣವೆಂದರೆ ಹೆಂಗಸರೂ ಮಕ್ಕಳೂ ಕಣ್ಣೀರಿಡುವರು. ಬೇಡವೆಂದರೆ ಸಾಹುಕಾರನು ಬಾಗಿಲಿಗೆ ಬರುವನು. ಇಂಥ ಸಂದರ್ಭದಲ್ಲಿ ಪ್ರೀತಿಯೊಂದನ್ನೇ ನೋಡುವವರೂ, ಆ ದಿವಸದ ಕ್ರಯವೊಂದನ್ನೇ ನೋಡುವವರೂ ಇಬ್ಬರೂ ಲೆಕ್ಕದ ಅರ್ಧಭಾಗವನ್ನು ಮಾತ್ರ ನೋಡಿದವರಾಗುತ್ತಾರೆ. ನೋಡಬೇಕಾದ ಮುಖ್ಯ ಸಂಗತಿಯೇನೆಂದರೆ, ಈಗ ಮಾರಿದ ರಾಸುಗಳಿಗೆ ಬದಲಾಗಿ ಮುಂಗಾರಿನಲ್ಲಿ ಬೇರೆ ರಾಸುಗಳನ್ನು ಕೊಳ್ಳಬೇಕೆ, ಬೇಡವೆ ಎಂಬುದು.

ಹಿಂದಿನ ಕಾಲದಲ್ಲಿ ಪಟೇಲರ ಮನೆಗಳಲ್ಲಿ ಸವಾರಿಯ ತಟ್ಟುಗಳೂ, ಪೇಟೆಗಳಲ್ಲಿ ಜಟಕಾ ಕುದುರೆಗಳೂ ಇದ್ದಾಗ ಇದೇ ಪ್ರಶ್ನೆಯು ಕುದುರೆಯ ವಿಷಯದಲ್ಲಿಯೂ ಬರುತ್ತಿತ್ತು. ಕುದುರೆಯ ಲೆಕ್ಕವು ಸುಲಭವಾದದ್ದು: ಅದು ಬರಿಯ ರಾಗಿಹುಲ್ಲಿನ ಮೇಲೆ ದುಡಿಯಲಾರದು, ಹುರುಳಿಯನ್ನು ಬೇಡುವುದು, ಈ ಸೀಮೆಯಲ್ಲಿ ಹೊಲ ಉಳುವುದಿಲ್ಲ, ಬಾಡಿಗೆ ನಿಂತ ದಿವಸದಿಂದಲೇ ಅದು ಮನೆಗೆ ಹೊರೆಯಾಗುವುದು. ಎತ್ತಿನ ಲೆಕ್ಕವು ಹಾಗಲ್ಲ. ನಾಲ್ಕು ತಿಂಗಳು ಸುಮ್ಮನೆ ನಿಂತು ತಿಂದ ಎತ್ತು ಐದನೆಯ ತಿಂಗಳಲ್ಲಿ ವರ್ಷದ ಬೆಳೆಗೆ ಆಧಾರವಾಗುತ್ತದೆ. ತೊಡಕು ಇರುವುದೇ ಇಲ್ಲಿ.

ಮಾರಿ ಮತ್ತೆ ಕೊಳ್ಳುವುದರ ಕಷ್ಟವು ಬಡವನಿಗೆ ಮಾತ್ರ ಬಂದದ್ದಲ್ಲ. ಮೈಸೂರು ಸೀಮೆಯ ಸರ್ಕಾರವೇ ಒಮ್ಮೆ ಅದನ್ನು ಅನುಭವಿಸಿತು. ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆನಿಸಿ, ಟೀಪು ಸುಲ್ತಾನನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರನ್ನು ಪಡೆದ ದನದ ಹಿಂಡು ತೋಪುಗಳನ್ನೂ ದಂಡಿನ ಸಾಮಾನನ್ನೂ ಎಳೆಯುವ ಎತ್ತುಗಳಿಗಾಗಿ ತಲೆಮಾರುಗಳಿಂದ ಸಾಕಲ್ಪಟ್ಟಿತ್ತು. ಈ ತಳಿಗೆ ಮೂಲವು ನಮ್ಮ ಹಳ್ಳಿಕಾರ್ ದನವೇ. ಬ್ರಿಟಿಷರ ಆಡಳಿತದಲ್ಲಿ, 1860ರಲ್ಲಿ, ಖರ್ಚನ್ನು ಕಡಮೆ ಮಾಡುವ ಉದ್ದೇಶದಿಂದ ಆ ಹಿಂಡನ್ನು ಒಡೆದು ಮಾರಿಬಿಟ್ಟರು. ಅದರಲ್ಲಿ ಒಂದು ಭಾಗವು ಈಜಿಪ್ಟಿನ ಪಾಷಾನ ಪಾಲಾಗಿ ಸಮುದ್ರವನ್ನು ದಾಟಿ ಹೋಯಿತು. ಮಾರಿದ್ದರ ದುಷ್ಫಲವು ಬೇಗನೆ ಕಂಡುಬಂದು, 1866ರಲ್ಲಿ ಹಿಂಡನ್ನು ಪುನಃ ಸ್ಥಾಪಿಸಬೇಕಾಯಿತು. ಆದರೆ ಚೆದರಿ ಹೋದ ಹಸುಗಳನ್ನೂ ಗೂಳಿಗಳನ್ನೂ ಮತ್ತೆ ಕೂಡಿಸುವುದು ಮಾರಿದಷ್ಟು ಸುಲಭವಾಗಿರಲಿಲ್ಲ. ಬೊಕ್ಕಸವುಳ್ಳ ಸರ್ಕಾರಕ್ಕೇ ಹೀಗಾದ ಮೇಲೆ, ನಾಲ್ಕು ಎಕರೆಯ ರೈತನು ಮಾರುವ ಮುನ್ನ ಎರಡು ಸಲ ಲೆಕ್ಕ ಹಾಕುವುದು ಯುಕ್ತವಲ್ಲವೆ?

ಈ ನಷ್ಟಕ್ಕೆ ಕಾರಣವು ಕಾಲದ ಗತಿಯಲ್ಲಿಯೇ ಇದೆ. ಮಾಘ ಫಾಲ್ಗುನಗಳಲ್ಲಿ ಉಳುಮೆಯಿಲ್ಲ, ಹಸುರು ಮೇವಿಲ್ಲ, ಹಣದ ಅವಶ್ಯಕತೆಯು ಎಲ್ಲರಿಗೂ ಏಕಕಾಲದಲ್ಲಿಯೇ ಬರುವುದು. ಆದುದರಿಂದ ಮಾರುವವರು ಹೆಚ್ಚು, ಕೊಳ್ಳುವವರು ಕಡಮೆ. ಭರಣಿ ಕೃತ್ತಿಕೆಗಳಲ್ಲಿ ಒಂದು ಹದ ಮಳೆಯು ಬಿದ್ದಿತೆಂದರೆ ಇದೇ ಜನರೇ ಕೊಳ್ಳುವುದಕ್ಕೆ ಹೊರಡುತ್ತಾರೆ, ಬೆಲೆಯು ಏರುತ್ತದೆ. ಬರಗಾಲದ ವರ್ಷದಲ್ಲಿ ಈ ಅಂತರವು ಇನ್ನೂ ಹೆಚ್ಚುವುದು. 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ ಕೋಲಾರ ಸೀಮೆಯು ಬಹಳವಾಗಿ ನೊಂದಿತು. ಅಂಥ ಕಾಲದಲ್ಲಿ ಎತ್ತನ್ನು ಕಳೆದುಕೊಂಡವನಿಗೆ ಮಳೆಯು ಬಂದರೂ ಬಿತ್ತನೆಯು ಬರಲಿಲ್ಲ. 2023ರಲ್ಲಿ ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರವು ಸಾರಿದಾಗಲೂ ಮೇವಿನ ಚಿಂತೆಯು ಮನೆಮನೆಗೂ ಬಂದಿತು. ಅದಕ್ಕೆ ಹಿಂದಿನ ವರ್ಷ, ಎಂದರೆ 2022ರಲ್ಲಿ, ಚರ್ಮಗಂಟು ರೋಗವು ಹರಡಿ ದನಗಳ ಜಾತ್ರೆಗಳನ್ನೂ ಸಾಗಾಣಿಕೆಯನ್ನೂ ತಡೆಯಬೇಕಾಗಿ ಬಂದಿತ್ತು. ಜಾತ್ರೆಯಲ್ಲಿ ಮಾರಿ ಹಣವನ್ನು ಹೊಂದಿಸುವೆನೆಂದು ನೆಚ್ಚಿಕೊಂಡವರಿಗೆ ಆಗ ಮಾರುವ ಸ್ಥಳವೇ ಇಲ್ಲದೆ ಹೋಯಿತು.

ಇನ್ನು ಲೆಕ್ಕವನ್ನು ಹಾಕುವ ಕ್ರಮ. ಕೆಳಗಣ ಬೆಲೆಗಳು ಉದಾಹರಣೆಗಾಗಿ ಹಿಡಿದವುಗಳು. ಓದುವವರು ತಮ್ಮ ತಮ್ಮ ಊರಿನ ದರವನ್ನು ಹಾಕಿಕೊಳ್ಳತಕ್ಕದ್ದು. ಒಬ್ಬ ರೈತನಿಗೆ ಮಾಘದಲ್ಲಿ 60,000 ರೂಪಾಯಿ ಬೇಕಾಗಿದೆ. ಜೋಡಿಯನ್ನು ಮಾರಿದರೆ 80,000 ರೂಪಾಯಿ ಬರುವುದು. ಇಟ್ಟುಕೊಂಡರೆ ಜ್ಯೇಷ್ಠದವರೆಗೆ 120 ದಿವಸ ಮೇಯಿಸಬೇಕು. ಕೆಲಸವಿಲ್ಲದ ಎತ್ತಿಗೆ ದಿನಕ್ಕೆ ಸುಮಾರು 7 ಕಿಲೋ ರಾಗಿಹುಲ್ಲು, 1 ಕಿಲೋ ಹಿಂಡಿ ಬೂಸ ಎಂದಿಟ್ಟುಕೊಂಡರೆ, ಜೋಡಿಗೆ 1,680 ಕಿಲೋ ಹುಲ್ಲೂ 240 ಕಿಲೋ ಹಿಂಡಿ ಬೂಸವೂ ಆಗುತ್ತದೆ. ಹುಲ್ಲು ಕಿಲೋಗೆ 8 ರೂಪಾಯಿಯಂತೆ 13,440, ಹಿಂಡಿ ಬೂಸ 30 ರೂಪಾಯಿಯಂತೆ 7,200, ಒಟ್ಟು 20,640 ರೂಪಾಯಿ. ಬಣವೆಯು ಸ್ವಂತದ್ದಾದುದರಿಂದ ಹುಲ್ಲಿಗೆ ಬೆಲೆ ಹಾಕಬೇಕಾಗಿಲ್ಲವೆಂದು ಕೆಲವರು ವಾದಿಸುವರು. ಇದು ಸರಿಯಲ್ಲ, ಎತ್ತು ಇಲ್ಲದಿದ್ದರೆ ಆ ಹುಲ್ಲನ್ನು ಮಾರಬಹುದಾಗಿತ್ತಷ್ಟೆ.

ಅದೇ ಗುಣದ ಜೋಡಿಗೆ ಜ್ಯೇಷ್ಠದಲ್ಲಿ 1,10,000 ರೂಪಾಯಿ ಬೆಲೆಯಾಯಿತೆಂದು ಭಾವಿಸೋಣ. ಅಂತರವು 30,000. ಉಳಿದ ಮೇವಿನ ಬೆಲೆಯನ್ನು ಇದರಲ್ಲಿ ಕಳೆದರೆ 9,360 ರೂಪಾಯಿ ನಷ್ಟ. ಎರಡು ಸಲದ ದಲ್ಲಾಳಿ ಮತ್ತು ಸಾಗಾಣಿಕೆಗೆ 4,000 ಸೇರಿಸಿದರೆ 13,360. ಇಷ್ಟಕ್ಕೇ ನಿಲ್ಲಿಸಿದರೆ ಮಾರಾಟವು ಅಷ್ಟೇನೂ ಕೆಟ್ಟದ್ದಾಗಿ ತೋರದು. ಆದರೆ ಮುಂಗಾರಿನಲ್ಲಿ 1,10,000 ರೂಪಾಯಿ ಎಲ್ಲಿಂದ ಬರಬೇಕು? ಮಾರಿದ ಹಣದಲ್ಲಿ 60,000 ಖರ್ಚಾಗಿ 20,000 ಉಳಿದಿದೆ. ಮೇವಿನಿಂದ ಉಳಿದದ್ದು 20,640. ಖರ್ಚು 4,000 ಹೋದರೆ ಕೈಯಲ್ಲಿರುವುದು 36,640. ಮಿಕ್ಕ 73,360 ರೂಪಾಯಿಗೆ ಆ ರೈತನು ಅದೇ ಸಾಹುಕಾರನ ಬಾಗಿಲಿಗೆ ಹೋಗಬೇಕು. ಮಾಘದಲ್ಲಿ ತಪ್ಪಿಸಿಕೊಂಡ ಸಾಲವು ಜ್ಯೇಷ್ಠದಲ್ಲಿ ದೊಡ್ಡದಾಗಿ ಬಂದಂತಾಯಿತು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯ ಬಡ್ಡಿಯಂತೆ ರಾಗಿಯ ಕಟಾವಿನವರೆಗೆ ಆರು ತಿಂಗಳಿಗೆ ಸುಮಾರು 8,800 ಬಡ್ಡಿ. ಮೊದಲಿನ 13,360 ಸೇರಿ ಒಟ್ಟು 22,160. ಇದಕ್ಕೆ ಪ್ರತಿಯಾಗಿ, ಜೋಡಿಯನ್ನು ಇಟ್ಟುಕೊಂಡು ಮಾಘದಲ್ಲಿಯೇ ಅದೇ ದರದಲ್ಲಿ 60,000 ಸಾಲವನ್ನೆತ್ತಿ, ಹಿಂಡಿಯ ಹಣವನ್ನೂ ಸಾಲವಾಗಿಯೇ ತಂದರೂ ಹತ್ತು ತಿಂಗಳ ಬಡ್ಡಿಯು 13,500ನ್ನು ಮೀರದು. ಸಗಣಿಯನ್ನು ಈ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ. ಖುಷ್ಕಿ ರಾಗಿಗೆ ಎಕರೆಯೊಂದಕ್ಕೆ 3 ಟನ್ ಕೊಟ್ಟಿಗೆ ಗೊಬ್ಬರವು ಬೇಕೆಂಬುದನ್ನು ಬಲ್ಲವರಿಗೆ ಆ ನಾಲ್ಕು ತಿಂಗಳ ತಿಪ್ಪೆಯ ಬೆಲೆಯು ಗೊತ್ತಿದೆ.

ಸಾಲವನ್ನು ಎಲ್ಲಿ ತರುವುದೆಂಬುದೇ ಆದುದರಿಂದ ನಿರ್ಣಾಯಕವಾದ ವಿಷಯವಾಗುತ್ತದೆ. ಅದೇ 60,000 ರೂಪಾಯಿಗೆ ವರ್ಷಕ್ಕೆ ನೂರಕ್ಕೆ 7ರಂತೆ ಹತ್ತು ತಿಂಗಳಿಗೆ 3,500 ಮಾತ್ರ ಬಡ್ಡಿಯಾಗುವುದು. 2018-19ರಿಂದ ಕಿಸಾನ್ ಕ್ರೆಡಿಟ್ ಕಾರ್ಡಿನ ಸೌಲಭ್ಯವು ಪಶುಸಂಗೋಪನೆಗೂ ವಿಸ್ತರಿಸಲ್ಪಟ್ಟಿದೆ. ಮೇವು, ಹಿಂಡಿ, ಔಷಧಿಗಳ ವೆಚ್ಚಕ್ಕೆ ಅದನ್ನು ಉಪಯೋಗಿಸಬಹುದು. ಮದುವೆಯ ಖರ್ಚಿಗೆ ಅದು ಒದಗದು. ಆದರೆ ಮೇವಿಗೆಂದು ಕೈಯಿಂದ ಹೋಗುತ್ತಿದ್ದ ಹಣವು ಅಷ್ಟರಮಟ್ಟಿಗೆ ಉಳಿಯುವುದು. ಮನೆಯಲ್ಲಿ ಬಂಗಾರವಿದ್ದರೆ ಬ್ಯಾಂಕಿನಲ್ಲಿ ಅಡವಿಡುವುದು ಎತ್ತನ್ನು ಮಾರುವುದಕ್ಕಿಂತ ಮೇಲು. ಸಾಲ ತೀರಿದ ದಿವಸ ಒಡವೆಯು ಅದೇ ರೂಪದಲ್ಲಿ ಹಿಂದಕ್ಕೆ ಬರುವುದು, ಎತ್ತು ಬರುವುದಿಲ್ಲ.

ಸಾಲದ ವಾಯಿದೆಯನ್ನು ಹಣ ಬರುವ ತಿಂಗಳಿಗೆ ಸರಿಹೊಂದಿಸುವುದೂ ಅವಶ್ಯಕ. ಈ ನಾಲ್ಕು ತಾಲ್ಲೂಕುಗಳಲ್ಲಿಯೇ ಇದು ಒಂದೇ ತೆರನಾಗಿಲ್ಲ. ಶ್ರೀನಿವಾಸಪುರದ ಮಾವಿನ ತೋಟದವನಿಗೆ ಬೇಸಗೆಯ ಕೊನೆಯಲ್ಲಿಯೇ ಹಣವು ಕಾಣುವುದು. ಅವನಿಗೆ ನಾಲ್ಕೈದು ತಿಂಗಳ ವಾಯಿದೆಯು ಸಾಕು. ಮುಳಬಾಗಿಲಿನ ಖುಷ್ಕಿ ರಾಗಿ, ಕಡಲೆಕಾಯಿಯ ರೈತನು ಮಾರ್ಗಶಿರದವರೆಗೆ ಕಾಯಬೇಕು. ರೇಷ್ಮೆ ಹುಳು ಸಾಕುವವನಿಗೆ ಹಿಪ್ಪುನೇರಿಳೆಗೆ ನೀರಿರುವವರೆಗೆ ವರ್ಷದಲ್ಲಿ ಹಲವು ಸಲ ಗೂಡಿನ ಹಣವುಂಟು. ಹಾಲಿನ ಸಂಘದ ಬಟವಾಡೆಯಾದರೋ ಸಣ್ಣದಾದರೂ ತಪ್ಪದೆ ಬರುವಂಥದು. ಟೊಮ್ಯಾಟೊ ಬೆಳೆಯನ್ನು ನಂಬಿ ವಾಯಿದೆಯನ್ನು ಬರೆದುಕೊಡುವುದು ಮಾತ್ರ ಅಪಾಯಕರ. ಕೋಲಾರದ ಮಾರುಕಟ್ಟೆಯಲ್ಲಿ ಅದರ ಬೆಲೆಯು ವಾರದಿಂದ ವಾರಕ್ಕೆ ಏರಿಳಿಯುವುದನ್ನು ಎಲ್ಲರೂ ಕಂಡಿದ್ದಾರೆ.

ಹೀಗೆಂದ ಮಾತ್ರಕ್ಕೆ ಎಲ್ಲರೂ ಜೋಡಿಯನ್ನು ಇಟ್ಟುಕೊಳ್ಳಲೇಬೇಕೆಂದು ಅರ್ಥವಲ್ಲ. ಮತ್ತೆ ಕೊಳ್ಳಬೇಕಾದ ಅವಶ್ಯಕತೆಯಿಲ್ಲದವನ ಲೆಕ್ಕವೇ ಬೇರೆ. ಹೊಲವನ್ನೆಲ್ಲ ಮಾವಿಗೋ ನೀಲಗಿರಿಗೋ ಹಾಕಿರುವವನಿಗೆ, ಉಳುಮೆಯನ್ನೆಲ್ಲ ಟ್ರ್ಯಾಕ್ಟರಿನಿಂದ ಮಾಡಿಸುವವನಿಗೆ ಎತ್ತಿನ ಕೆಲಸವು ವರ್ಷದಲ್ಲಿ ಕೆಲವೇ ದಿವಸಗಳದು. ಜಮೀನಿಗೂ ಜೋಡಿಗೂ ಇರುವ ಪ್ರಮಾಣವನ್ನು ಹುಲ್ಲಿನಿಂದಲೇ ಅಳೆಯಬಹುದು. ದಿನಕ್ಕೆ 7 ಕಿಲೋನಂತೆ ಜೋಡಿಗೆ ವರ್ಷಕ್ಕೆ 5,110 ಕಿಲೋ ಬೇಕು. ಖುಷ್ಕಿಯಲ್ಲಿ ಎಕರೆಗೆ 8 ಕ್ವಿಂಟಲ್ ರಾಗಿಯಾದರೆ ಹುಲ್ಲು ಸುಮಾರು ಅದರ ಎರಡರಷ್ಟು, ಎಂದರೆ 1,600 ಕಿಲೋ. ಎರಡೆಕರೆಯ ಹುಲ್ಲು 3,200 ಕಿಲೋ. ಗೋಮಾಳವಿಲ್ಲದ ಊರಿನಲ್ಲಿ ಇದು ಒಂದು ಜೋಡಿಗೆ ಎಂಟು ತಿಂಗಳಿಗೂ ಸಾಲದು. ನಾಲ್ಕು ಎಕರೆಯಿದ್ದವನಿಗೆ ಸಾಕಾಗಿ ಮಿಗುವುದು. ಎರಡೆಕರೆಯವನು ಪ್ರತಿವರ್ಷವೂ ಹುಲ್ಲನ್ನು ಕೊಂಡು ಎತ್ತನ್ನು ಉಳಿಸಿಕೊಳ್ಳುವ ಬದಲು, ನೆರೆಯವನೊಡನೆ ಸೇರಿ ಮನೆಗೊಂದು ಎತ್ತನ್ನು ಸಾಕಿ ಇಬ್ಬರ ಹೊಲವನ್ನೂ ಉಳುವುದು ಉಚಿತವಾದ ಮಾರ್ಗ.

ಮಾರುವುದೇ ನಿಶ್ಚಯವಾದರೆ ವಯಸ್ಸನ್ನು ನೋಡಿ ಬೇಗನೆ ಮಾರಬೇಕು. ಎರಡು ಹಲ್ಲಿನಿಂದ ಆರು ಹಲ್ಲಿನವರೆಗೆ, ಎಂದರೆ ಸುಮಾರು ಎರಡೂವರೆಯಿಂದ ನಾಲ್ಕು ವರ್ಷದವರೆಗೆ, ಕೊಳ್ಳುವವರು ಹೆಚ್ಚು. ಎಂಟು ಹಲ್ಲೂ ಬಂದು ಬಾಯಿಗೂಡಿದ ಮೇಲೆ ಎತ್ತು ದುಡಿಮೆಯಲ್ಲಿ ಇನ್ನೂ ಹಲವು ವರ್ಷ ಗಟ್ಟಿಯಾಗಿದ್ದರೂ ಜಾತ್ರೆಯಲ್ಲಿ ಅದರ ಬೆಲೆಯು ಇಳಿಮುಖವಾಗುವುದು. ಮುದಿ ಎತ್ತಿನ ಸ್ಥಿತಿಯಂತೂ ಈಗ ಬದಲಾಗಿದೆ. 1964ರ ಕಾನೂನಿನಲ್ಲಿ 12 ವರ್ಷ ದಾಟಿದ ಎತ್ತುಗಳ ವಿಷಯದಲ್ಲಿ ಇದ್ದ ಅವಕಾಶವು 2021ರಲ್ಲಿ ಜಾರಿಗೆ ಬಂದ ಹೊಸ ಕಾನೂನಿನಿಂದ ಇಲ್ಲದಂತಾಯಿತು. ದುಡಿಯಲಾರದ ಎತ್ತನ್ನು ಮುಂದೆ ಎಂದಾದರೂ ಮಾರಿ ಹಣ ಮಾಡಬಹುದೆಂದು ಎಣಿಸುವುದು ವ್ಯರ್ಥ. ಅದನ್ನು ಕೊನೆಯವರೆಗೆ ಸಾಕುವ ವೆಚ್ಚವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಮನೆಯವರು ಯಾವ ಎತ್ತನ್ನು ಕೊನೆಯವರೆಗೂ ಬಿಡಲಾರರೋ ಅದನ್ನು ಎಳೆಯ ಜೋಡಿಯನ್ನು ಕೊಳ್ಳುವಾಗಲೇ ಗುರುತಿಸಿಕೊಂಡರೆ ಮುಂದಿನ ತೊಡಕು ಎಷ್ಟೋ ಕಡಮೆಯಾಗುತ್ತದೆ.

ಜೋಡಿಯಲ್ಲಿ ಒಂದನ್ನು ಮಾತ್ರ ಮಾರುವುದು ಬಹುಮಟ್ಟಿಗೆ ನಷ್ಟದ ವ್ಯಾಪಾರ. ಎತ್ತರ, ಬಣ್ಣ, ಕೊಂಬು, ನಡಿಗೆಗಳಲ್ಲಿ ಹೊಂದಿಕೆಯಾದ ಎರಡು ರಾಸುಗಳಿಗೆ ಒಟ್ಟಾಗಿ ಬರುವ ಬೆಲೆಯು ಬಿಡಿಬಿಡಿಯಾಗಿ ಬಾರದು. ಉಳಿದ ಒಂಟಿ ಎತ್ತಿಗೆ ಜೊತೆಯನ್ನು ಹುಡುಕುತ್ತ ಜಾತ್ರೆಯಿಂದ ಜಾತ್ರೆಗೆ ಅಲೆಯಬೇಕಾಗುವುದು. ಜೋಡಿಗಿಂತ ಮೊದಲು ಮಾರಬಹುದಾದದ್ದು ಮನೆಯಲ್ಲಿ ಬೇರೆ ಏನಿದೆಯೆಂದು ನೋಡತಕ್ಕದ್ದು: ಕೆಲಸಕ್ಕೆ ಹೂಡದೆ ಬೆಳೆದು ನಿಂತ ಹೋರಿಗರು, ಕುರಿ ಮೇಕೆ, ಮಿಗಿಲಾದ ಹುಲ್ಲು. ಹಾಲು ಕೊಡುತ್ತಿರುವ ಹಸುವನ್ನು ಮಾರುವುದು ಬಟವಾಡೆಯನ್ನೇ ಮಾರಿದಂತೆ.

ಮೇವು ಸಾಲದೆಂಬ ಒಂದೇ ಕಾರಣಕ್ಕೆ ಮಾರಲು ಹೊರಟವರು ಮೊದಲು ಬಣವೆಯನ್ನು ಅಳೆಯಬೇಕು. ಹುಲ್ಲನ್ನು ಇಡಿಯಾಗಿ ಹಾಕಿದರೆ ಕಾಲಡಿಯಲ್ಲಿ ಬಿದ್ದು ಹೋಗುವ ಪಾಲು ಸಣ್ಣದಲ್ಲ. ಕತ್ತರಿಸಿ ಹಾಕುವುದರಿಂದ ಅದು ಉಳಿಯುವುದು. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50 ಲೀಟರು ನೀರಿನಲ್ಲಿ ಪೂರ್ತಿಯಾಗಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಮುಚ್ಚಿ, 21 ದಿವಸಗಳ ಮೇಲೆ ತೆಗೆದು ಆರಿಸಿ ಕೊಟ್ಟರೆ ಒಣಹುಲ್ಲಿನ ಸತ್ತ್ವವು ಹೆಚ್ಚುವುದು. ಯೂರಿಯಾವನ್ನು ನೀರಿನಲ್ಲಿ ಕದಡಿ ನೇರವಾಗಿ ಕುಡಿಸುವುದು ಪ್ರಾಣಾಂತಿಕ. ಎಳೆಗರುಗಳಿಗೂ ಕುದುರೆಗಳಿಗೂ ಈ ಹುಲ್ಲನ್ನು ಕೊಡಕೂಡದು. ಮೊದಲ ಸಲ ಮಾಡುವವರು ಪಶುವೈದ್ಯರ ಸಮಕ್ಷಮದಲ್ಲಿ ಮಾಡುವುದು ಲೇಸು. ಅವರೆ ಮತ್ತು ಹುರುಳಿಯ ಹೊಟ್ಟು, ಕಡಲೆಕಾಯಿ ಬಳ್ಳಿ ಇವುಗಳನ್ನು ಕಣದಲ್ಲಿಯೇ ಬಿಟ್ಟು ಹಾಳುಮಾಡುವವರು ಇನ್ನೂ ಇದ್ದಾರೆ. 2018ರಿಂದ ಕೋರಮಂಗಲ ಚಲ್ಲಘಟ್ಟ ಕಣಿವೆಯ ಯೋಜನೆಯಂತೆ ಶುದ್ಧೀಕರಿಸಿದ ನೀರು ಕೆರೆಗಳಿಗೆ ಬಂದ ಮೇಲೆ ಸುತ್ತಣ ಬಾವಿಗಳಲ್ಲಿ ನೀರು ಏರಿರುವ ಊರುಗಳಲ್ಲಿ, ಹತ್ತು ಗುಂಟೆಯಷ್ಟನ್ನಾದರೂ ಹಸುರು ಮೇವಿಗೆ ಬಿಡುವುದು ಕಷ್ಟವಲ್ಲ.

ಗ್ರಾಮದ ಮುಖಂಡರು ಇಲ್ಲಿ ಮಾಡಬಹುದಾದ ಉಪಕಾರವು ಬಹಳವಿದೆ. ಬೇಸಗೆಯಲ್ಲಿ ವ್ಯಾಪಾರಿಯು ಊರಿಗೇ ಬಂದು ಒಬ್ಬೊಬ್ಬರನ್ನೇ ಮನೆಯ ಜಗುಲಿಯಲ್ಲಿ ಮಾತಾಡಿಸಿದಾಗ ಕಷ್ಟದಲ್ಲಿರುವವನು ಹೇಳಿದ ಬೆಲೆಗೆ ಒಪ್ಪಿಬಿಡುವನು. ಊರಿನವರು ನಾಲ್ಕಾರು ಜೋಡಿಗಳನ್ನು ಒಟ್ಟಿಗೆ ಜಾತ್ರೆಗೆ ಹೊಡೆದುಕೊಂಡು ಹೋದರೆ ಬೆಲೆಯೂ ತಿಳಿಯುವುದು, ಖರ್ಚೂ ಹಂಚಿಹೋಗುವುದು. ಗೋಮಾಳವನ್ನು ಒತ್ತುವರಿಯಾಗದಂತೆ ಕಾಪಾಡುವುದೂ, ಹುಲ್ಲು ಮಿಕ್ಕವನಿಗೂ ಸಾಲದವನಿಗೂ ಊರೊಳಗೇ ವ್ಯವಹಾರವನ್ನು ಕುದುರಿಸುವುದೂ ಅವರಿಂದ ಆಗತಕ್ಕ ಕೆಲಸಗಳೇ. ಹುಲ್ಲಿನ ಲಾರಿಯು ಊರು ಬಿಟ್ಟು ಹೋದ ಮೇಲೆ ಅದೇ ಹುಲ್ಲನ್ನು ಪರಸ್ಥಳದಿಂದ ಹೆಚ್ಚಿನ ಬೆಲೆಗೆ ತರುವ ವಿಚಿತ್ರವು ತಪ್ಪಬೇಕು.

ಪ್ರೀತಿಯ ವಿಷಯವನ್ನು ಇಷ್ಟು ಹೊತ್ತು ಬದಿಗಿಟ್ಟಿದ್ದು ಅದು ಲೆಕ್ಕಕ್ಕೆ ಬಾರದ್ದೆಂದಲ್ಲ. ಧ್ವನಿಯನ್ನು ಗುರುತಿಸಿ ಸಾಲು ತಿರುಗುವ, ಹುಡುಗರು ಮೂಗುದಾರ ಹಿಡಿದರೂ ಹಾಯದ, ಕತ್ತಲೆಯಲ್ಲಿ ಗಾಡಿಯನ್ನು ಮನೆಗೆ ತರುವ ಎತ್ತು ಹೊಸದಾಗಿ ಕೊಂಡ ಎತ್ತಿಗಿಂತ ನಿಜವಾಗಿಯೂ ಹೆಚ್ಚು ಬೆಲೆಯುಳ್ಳದ್ದು. ಆದರೆ ಆ ಬೆಲೆಯನ್ನು ಜಾತ್ರೆಯಲ್ಲಿ ಯಾರೂ ಕೊಡುವುದಿಲ್ಲ. ಯುಗಾದಿಯಲ್ಲಿ ಹೊನ್ನಾರು ಹೂಡುವ ಮನೆಯಲ್ಲಿ ಕೊಟ್ಟಿಗೆಯು ಬರಿದಾಗಿರುವುದು ಎಷ್ಟು ನೋವಿನ ಸಂಗತಿಯೆಂಬುದನ್ನು ಹೇಳಬೇಕಾಗಿಲ್ಲ. ಆದರೂ ಮಾರಲಾರೆವೆಂದು ಮಾಘದಲ್ಲಿ ಇಟ್ಟುಕೊಂಡು, ವೈಶಾಖದಲ್ಲಿ ಪಕ್ಕೆಲುಬುಗಳು ಎಣಿಸುವಂತಾದಾಗ ಅರ್ಧ ಬೆಲೆಗೆ ಕೊಟ್ಟುಬಿಡುವುದಕ್ಕೆ ಪ್ರೀತಿಯೆಂಬ ಹೆಸರು ಸಲ್ಲದು. ನಾಲ್ಕು ತಿಂಗಳ ಮೇವಿಲ್ಲ, ತರುವ ದಾರಿಯೂ ಇಲ್ಲವೆಂದು ಲೆಕ್ಕದಲ್ಲಿ ತೋರಿದರೆ ಮೈತುಂಬಿಕೊಂಡಿರುವಾಗಲೇ ಒಳ್ಳೆಯ ಕೈಗೆ ಒಪ್ಪಿಸುವುದು ರಾಸಿಗೂ ಹಿತ, ಮನೆಗೂ ಹಿತ.

ಅಂಥವರಿಗೆ ಮೊದಲ ಅವಕಾಶವು ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ಜಾತ್ರೆ. ಇದು ಡಿಸೆಂಬರಿನ ಹೊತ್ತಿಗೇ ಕೂಡುವುದು. ಆ ಮೇಲೆ ಶಿವರಾತ್ರಿಯ ಸುಮಾರಿನಲ್ಲಿ, 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿಯಲ್ಲಿಯೂ, ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿಯೂ ದನಗಳು ಸೇರುತ್ತವೆ. ಒಳ್ಳೆಯ ಹಳ್ಳಿಕಾರ್ ಜೋಡಿಗಳಿಗೆ ಇಂಥ ಜಾತ್ರೆಗಳಲ್ಲಿ ಲಕ್ಷಕ್ಕೂ ಮಿಗಿಲಾದ ಬೆಲೆಯು ಬರುವುದುಂಟು; ಆದರೆ ಪೇಟ ಕಟ್ಟಿಸಿಕೊಂಡು ಮೆರವಣಿಗೆ ಹೋಗುವ ಜೋಡಿಯ ಬೆಲೆಯನ್ನು ಕೇಳಿ ಬಂದು ಮನೆಯ ಜೋಡಿಗೆ ಅದನ್ನೇ ಕಟ್ಟುವುದು ಸಲ್ಲದು. ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವ ಪದ್ಧತಿಯಲ್ಲಿ ನುರಿಯದವರು, ದಲ್ಲಾಳಿಯು ಕೊಳ್ಳುವವನಿಗೆ ಹೇಳಿದ ಮೊತ್ತವನ್ನು ಬಾಯಿಬಿಟ್ಟು ಕೇಳುವುದಕ್ಕೆ ನಾಚಬೇಕಾಗಿಲ್ಲ. ಮನೆಯಿಂದ ಹೊರಡುವ ಮುನ್ನವೇ ಇದಕ್ಕೆ ಕಡಮೆಯಾದರೆ ಕೊಡುವುದಿಲ್ಲವೆಂಬ ಮೊತ್ತವನ್ನು ಮನೆಯವರೆಲ್ಲರೂ ಕೂಡಿ ನಿಶ್ಚಯಿಸಿರಬೇಕು. ಮುಳಬಾಗಿಲು, ಶ್ರೀನಿವಾಸಪುರಗಳ ಗಡಿಯಾಚೆಯಿಂದ ಬಂದ ಖರೀದಿದಾರರಿಗೆ ಕೊಡುವುದಾದರೆ ರಾಸನ್ನು ಅನ್ಯರಾಜ್ಯಕ್ಕೆ ಸಾಗಿಸುವುದಕ್ಕೆ ಬೇಕಾದ ಅನುಮತಿಯ ವಿಚಾರವನ್ನು ಮುಂಗಡ ಹಣವನ್ನು ಮುಟ್ಟುವುದಕ್ಕೆ ಮೊದಲೇ ಪಶುವೈದ್ಯಾಧಿಕಾರಿಗಳಿಂದ ತಿಳಿದುಕೊಳ್ಳತಕ್ಕದ್ದು.

ಕೊಟ್ಟ ಮೇಲೆ ಕೊಂಡವನ ಹೆಸರು, ಊರು, ಮೊತ್ತ, ತಾರೀಖುಗಳನ್ನು ಬರೆದ ರಸೀತಿಯನ್ನು ಇಬ್ಬರೂ ಇಟ್ಟುಕೊಳ್ಳಬೇಕು. ಕಿವಿಯೋಲೆಯ 12 ಅಂಕಿಗಳ ಸಂಖ್ಯೆಯನ್ನು ಅದರಲ್ಲಿ ನಮೂದಿಸಿ, ಊರಿನ ಪಶುಚಿಕಿತ್ಸಾಲಯದಲ್ಲಿಯೂ ಮಾರಾಟವನ್ನು ತಿಳಿಸತಕ್ಕದ್ದು. ಕಾಲುಬಾಯಿ ಜ್ವರದ ಲಸಿಕೆಯನ್ನು ಯಾವ ತಿಂಗಳು ಹಾಕಿಸಿತೆಂಬುದನ್ನು ಕೊಳ್ಳುವವನಿಗೆ ಹೇಳುವುದರ ಜೊತೆಗೆ, ಎಡಕ್ಕೆ ಹೂಡುವ ಎತ್ತು ಯಾವುದು, ಬಲಕ್ಕೆ ಯಾವುದು, ಎಷ್ಟು ಹಿಂಡಿ ತಿಂದು ರೂಢಿಯಾಗಿದೆ, ಯಾವ ಹೆಸರಿನಿಂದ ಕರೆದರೆ ತಿರುಗಿ ನೋಡುವುದು ಎಂಬುದನ್ನೂ ತಿಳಿಸಬೇಕು. ಹೊಸ ಕೊಟ್ಟಿಗೆಯಲ್ಲಿ ಮೊದಲ ವಾರ ರಾಸುಗಳು ಸರಿಯಾಗಿ ಮೇಯದಿರುವುದು ಸಹಜ. ಹಳೆಯ ಮನೆಯ ಹುಲ್ಲಿನ ಒಂದು ಹೊರೆಯನ್ನು ಗಾಡಿಯಲ್ಲಿ ಜೊತೆಗೆ ಹಾಕಿ ಕಳುಹಿಸಿದರೆ ಆ ದಿವಸಗಳು ಸುಲಭವಾಗಿ ಕಳೆಯುತ್ತವೆ.